ಕೇಳದೆ ತೆಗೆದ ಜಾವಳ

ನಮ್ಮ ಕೇಂದ್ರದ ನಮೂನೆಯಲ್ಲಿ ಮೊದಲ ಪ್ರಶ್ನೆಯೇ ಮದುವೆಯ ತಾರೀಖು. ನನ್ನೆದುರು ಕುಳಿತಿದ್ದ ಹುಡುಗ ಪೆನ್ನು ಹಿಡಿದು ಅಲ್ಲೇ ತಡೆದುಬಿಟ್ಟ. ಇಪ್ಪತ್ತೆರಡರ ಹುಡುಗ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಉಗುರಿನ ಸಂದಿಯಲ್ಲಿ ಮಾತ್ರ ಗ್ರೀಸಿನ ಕಪ್ಪು ಹೋಗಿರಲಿಲ್ಲ.

"ಮೇಡಂ, ಇದನ್ನ ಹಂಗಽ ಬಿಡ್ಲೇನ್ರಿ?"

"ಒಂದ್ ಗೆರಿ ಎಳದು ಮುಂದ ಹೋಗಪಾ" ಎಂದೆ.

ಅವನು ಆ ಗೆರೆಯನ್ನೂ ಬಹಳ ಹೊತ್ತು ತೆಗೆದುಕೊಂಡು ನೇರವಾಗಿ ಎಳೆದ. ನನಗೆ ತಾಳ್ಮೆ ಕಡಿಮೆ. ಈ ಕೆಲಸಕ್ಕೆ ಬೇಕಾದದ್ದು ಅದೊಂದೇ ಎಂದು ಇಪ್ಪತ್ತು ವರ್ಷಗಳಿಂದ ಎಲ್ಲರೂ ಹೇಳುತ್ತ ಬಂದಿದ್ದಾರೆ.

ಪುಣೆಯಲ್ಲಿ ಬೇರೆಬೇರೆ ಇರುವ ತಂದೆತಾಯಿಗಳ ಮಕ್ಕಳನ್ನು ನ್ಯಾಯಾಲಯದ ಆದೇಶದಂತೆ ಭೇಟಿ ಮಾಡಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಸಮಾಲೋಚಕಿ. ಮಗು ಒಬ್ಬರ ಬಳಿ ಇರುತ್ತದೆ, ಇನ್ನೊಬ್ಬರು ನಮ್ಮಲ್ಲಿಗೆ ಬಂದು ನೋಡುತ್ತಾರೆ. ನಾನು ಮೂಲೆಯಲ್ಲಿ ಕುಳಿತು ನೋಡಬೇಕು, ಬರೆದುಕೊಳ್ಳಬೇಕು, ಕೊನೆಗೆ ನ್ಯಾಯಾಧೀಶರಿಗೆ ವರದಿ ಕೊಡಬೇಕು. ಹೆಚ್ಚಿನವರು ಗಂಡಹೆಂಡಿರಾಗಿದ್ದವರು. ಈ ಇಬ್ಬರು ಹಾಗಲ್ಲ.

ವಾಕಡದ ಒಂದು ಬೈಕ್ ಸರ್ವಿಸ್ ಸೆಂಟರಿನಲ್ಲಿ ಹುಡುಗ ಮೆಕ್ಯಾನಿಕ್, ಹುಡುಗಿ ಮುಂದಿನ ಕೌಂಟರಿನಲ್ಲಿ. ಅವನ ಮನೆಯವರು ವಿಜಯಪುರದ ಕಡೆಯಿಂದ ಬಂದು ಪುಣೆ ಹತ್ತಿರದ ಶಿರೂರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅವಳ ಮನೆಯವರು ಉಡುಪಿ ಕಡೆಯವರು, ದೇಹೂ ರೋಡಿನಲ್ಲಿ ಹೋಟೆಲು. ಇಬ್ಬರೂ ಒಂದು ಖೋಲಿ ಹಿಡಿದು ಜೊತೆಗಿದ್ದರು. ಆಗ ಹುಡುಗನಿಗೆ ಇಪ್ಪತ್ತೊಂದು ತುಂಬಿರಲಿಲ್ಲ, ಕಾನೂನಿನಂತೆ ಮದುವೆಯಾಗಲು ಬರುತ್ತಿರಲಿಲ್ಲ. ತುಂಬಲಿ ಎಂದು ಕಾಯುತ್ತಿರುವಾಗಲೇ ಗಂಡುಮಗು ಹುಟ್ಟಿತು. ಮಗುವಿಗೆ ಆರು ತಿಂಗಳಾದಾಗ ಹುಡುಗಿಯ ಅಣ್ಣ ಕಾರು ತಂದು ತಂಗಿಯನ್ನೂ ಮಗುವನ್ನೂ ಕರೆದುಕೊಂಡು ಹೋದ. ಅವಳ ಫೋನ್ ನಂಬರು ಬದಲಾಯಿತು. ಅಲ್ಲಿಂದ ಒಂದೂವರೆ ವರ್ಷಕ್ಕೂ ಮೇಲೆ ಹುಡುಗ ಮಗುವಿನ ಮುಖ ನೋಡಿರಲಿಲ್ಲ.

ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಹಿಂದೂ ಕಾನೂನಿನಲ್ಲಿ ತಾಯಿಯೇ ಸಹಜ ಪೋಷಕಿ. ತಂದೆ ಕೇಳಿ ಪಡೆಯಬೇಕು. ಈ ಹುಡುಗ ಮಗುವನ್ನು ನನಗೆ ಕೊಡಿ ಎಂದು ಕೇಳಿರಲಿಲ್ಲ, ನೋಡಲು ಬಿಡಿ ಎಂದಷ್ಟೇ ಅರ್ಜಿ ಹಾಕಿದ್ದ. ನ್ಯಾಯಾಧೀಶರು ಆರು ಶನಿವಾರ ಕೊಟ್ಟರು. ತಲಾ ಎರಡು ತಾಸು, ನಮ್ಮ ಕೋಣೆಯಲ್ಲಿ, ನನ್ನ ಕಣ್ಣೆದುರು. ಆಮೇಲೆ ನನ್ನ ವರದಿ. ಅವನು ಆ ಮಗುವಿಗೆ ಅಪ್ಪನಾಗಿ ಉಳಿಯುತ್ತಾನೋ ಇಲ್ಲವೋ ಎಂಬುದು ಆ ವರದಿಯ ಎರಡು ಪುಟಗಳ ಮೇಲೆ ನಿಂತಿತ್ತು.

ನಮ್ಮ ಕೋಣೆ ದೊಡ್ಡದೇನಲ್ಲ. ಒಂದು ಜಮಖಾನೆ, ಆಟಿಕೆಯ ಕಪಾಟು, ಅರ್ಧಕ್ಕೆ ಗಾಜು ಹಾಕಿದ ಬಾಗಿಲು. ಒಳಗೆ ತಂದೆತಾಯಿ ಬಿಟ್ಟರೆ ಮತ್ತಾರಿಗೂ ಪ್ರವೇಶವಿಲ್ಲ. ಅಜ್ಜ, ಅಜ್ಜಿ, ಮಾವ, ಚಿಕ್ಕಪ್ಪ ಯಾರೇ ಇರಲಿ, ಹೊರಗಿನ ಬೆಂಚು. ಫೋಟೊ ಇಲ್ಲ, ಫೋನು ಇಲ್ಲ. ಮಗು ಬಂದ ಕೂಡಲೆ ರಿಜಿಸ್ಟರಿನಲ್ಲಿ ಬರೆಯಬೇಕು: ಬಂದ ಹೊತ್ತು, ಕರೆತಂದವರು, ಏನು ತಿಂದಿದೆ, ಯಾವಾಗ ಮಲಗುತ್ತದೆ, ಜ್ವರ ಇದೆಯೋ, ಯಾವುದಕ್ಕೆ ಹೆದರುತ್ತದೆ. ತಾಯಿ ಮೊದಲ ಇಪ್ಪತ್ತು ನಿಮಿಷ, ಮಗು ಬಿಡದಿದ್ದರೆ ಇನ್ನೂ ಹೆಚ್ಚು ಹೊತ್ತು, ಒಳಗೇ ಕೂರಬೇಕು, ಆಮೇಲೆ ಗಾಜಿನಾಚೆ ಕಾಣುವ ಹಾಗೆ, ಆಮೇಲೆ ಕಾಣದ ಹಾಗೆ. ಈ ಮೂರು ಹಂತ ನಾನೇ ಮಾಡಿಕೊಂಡದ್ದು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಮೊದಲ ಶನಿವಾರ ಹುಡುಗಿ ಅಣ್ಣನ ಬೆನ್ನ ಹಿಂದೆ ಬಂದಳು. ಇಪ್ಪತ್ತೊಂದರವಳು, ಸಪೂರ. ಮಗುವನ್ನು ಎತ್ತಿಕೊಂಡೇ ನಿಂತಳು, ಕೂರು ಎಂದರೂ ಕೂರಲಿಲ್ಲ. ನಾನು ಹೊರಗಿನ ಮೇಜಿನ ಮೇಲೆ ರಿಜಿಸ್ಟರು ತೆರೆದೆ.

"ಬೆಳಿಗ್ಗೆ ಏನ್ ತಿಂದದ ಮಗು?"

"ಗಂಜಿ ಉಂಡಿದ್ದಾನೆ ಮೇಡಂ" ಎಂದ ಅಣ್ಣ. "ಹಾಲು ಕೊಡ್ಬಾರ್ದು, ಕಫ ಆಗ್ತದೆ. ಒಂದೂವರೆಗೆ ನಿದ್ದೆ. ಮಿಕ್ಸರ್ ಶಬ್ದಕ್ಕೆ ಹೆದರಿಕೆ ಉಂಟು."

ಇಷ್ಟು ಚೆನ್ನಾಗಿ ತಿಳಿದುಕೊಂಡಿರುವ ಮಾವಂದಿರು ಕಡಿಮೆ ಎಂದುಕೊಂಡು ಎಲ್ಲವನ್ನೂ ಬರೆದುಕೊಂಡೆ. ಹುಡುಗಿ ಮಗುವಿನ ಕೂದಲನ್ನು ಕಿವಿಯ ಹಿಂದೆ ಸರಿಸುತ್ತಿದ್ದಳು. ಹುಟ್ಟುಗೂದಲು, ನಮ್ಮ ಕಡೆ ಜಾವಳ ಅನ್ನುವುದು, ಇನ್ನೂ ತೆಗೆದಿರಲಿಲ್ಲ. ಭುಜಕ್ಕೆ ಇಳಿದಿತ್ತು, ಎಣ್ಣೆ ಹಚ್ಚಿ ಬಾಚಿದರೂ ಮುಂದಿನದು ಕಣ್ಣಿಗೆ ಬೀಳುತ್ತಿತ್ತು.

ಆ ದಿನ ಹುಡುಗ ಬ್ಯಾಟರಿ ಜೀಪು ತಂದಿದ್ದ. ಸೈರನ್ ಹೊಡೆಯುತ್ತ ಅದು ಜಮಖಾನೆಯ ಮೇಲೆ ಓಡಿದ ಕೂಡಲೆ ಮಗು ಚೀರಿಕೊಂಡು ತಾಯಿಯ ಕುತ್ತಿಗೆಗೆ ಜೋತುಬಿತ್ತು. ಎರಡು ತಾಸು ಇಳಿಯಲೇ ಇಲ್ಲ. ಮುಂದಿನ ಶನಿವಾರ ಅವನು ಹಾಡುವ ಆನೆ ತಂದ. ಮತ್ತೆ ಅದೇ ಕಥೆ. ಅಣ್ಣ ಗಾಜಿನಾಚೆಯಿಂದ ಕೈಗಡಿಯಾರ ನೋಡುತ್ತಿದ್ದ. ಮಗು ಹೋದ ಮೇಲೆ ಹುಡುಗ ಆ ಆನೆಯನ್ನು ಚೀಲಕ್ಕೆ ಹಾಕುತ್ತಿದ್ದ, ಅದು ಚೀಲದೊಳಗೂ ಹಾಡುತ್ತಲೇ ಇತ್ತು.

"ಇನ್ನ ಮ್ಯಾಲೆ ಏನೂ ತರಬ್ಯಾಡ" ಎಂದು ಸಿಡುಕಿದೆ. "ಆಟಿಗಿ ಅಂಗಡಿ ಇಡ್ಲಿಕ್ಕೆ ಬಂದೀಯೇನ ನೀ? ಮನ್ಯಾಗ ಬಟ್ಟಿ ಒಣಗಿಸೋ ಕ್ಲಿಪ್ ಅವ ಅಲ್ಲಾ, ಅವನ್ನ ಒಂದ್ ಡಬ್ಬಿ ತುಂಬ ತೊಗೊಂಡ್ ಬಾ. ದೊಡ್ಡೂವು ನೋಡು, ನುಂಗೂಹಂಗ ಇರಬಾರದು. ಬಂದು ನೆಲದ ಮ್ಯಾಲೆ ಕೂಡು. ಡಬ್ಬಿ ಅಂಚಿಗೆ ಒಂದೊಂದ ಹಚ್ಚು. ಮಗೂನ್ನ ಕರೀಬ್ಯಾಡ, ನೋಡಲೂಬ್ಯಾಡ."

"ಮಗೂನ್ನ ನೋಡಾಕ ಬಂದು ನೋಡಬಾರದೇನ್ರಿ?"

"ನೋಡಬಾರದು."

ಮೂರನೇ ಶನಿವಾರ ಅವನು ಹಾಗೇ ಮಾಡಿದ. ಮೆಕ್ಯಾನಿಕ್ ಕೈಯಲ್ಲವೆ, ಕ್ಲಿಪ್ಪುಗಳು ಅಂಚಿಗೆ ಅಳತೆ ಹಿಡಿದಂತೆ ಸಾಲಾಗಿ ಕುಳಿತವು. ನಲವತ್ತು ನಿಮಿಷ ಏನೂ ಆಗಲಿಲ್ಲ. ನನ್ನ ಕಾಲು ನೆಲ ಕುಟ್ಟುತ್ತಿತ್ತು. ಆಮೇಲೆ ಮಗು ತಾಯಿಯ ತೊಡೆಯಿಂದ ಜಾರಿ, ನಡೆದು ಬಂದು, ಒಂದು ಕೆಂಪು ಕ್ಲಿಪ್ಪು ಕಿತ್ತು ಹಿಂದಕ್ಕೆ ಓಡಿತು. ಹುಡುಗ ತಲೆಯೆತ್ತಲಿಲ್ಲ, ಇನ್ನೊಂದನ್ನು ಹಚ್ಚಿದ. ಮಗು ಮತ್ತೆ ಬಂದು ಕಿತ್ತಿತು. ಮೂರನೇ ಸಲ ಓಡಲಿಲ್ಲ, ಅಲ್ಲೇ ಕುಕ್ಕರಿಸಿತು. ನನಗೆ ಎದ್ದು ಕುಣಿಯಬೇಕೆನಿಸಿತು. ರಿಜಿಸ್ಟರಿನಲ್ಲಿ "ಮಗು ತಾನಾಗಿ ಸಮೀಪಿಸಿತು" ಎಂದು ಬರೆದೆ.

ಐದನೇ ಶನಿವಾರ ಮಗು ಅವನ ಹೆಗಲ ಮೇಲೆ ನಿದ್ದೆ ಹೋಯಿತು. ಅವನು ಅಲುಗಾಡದೆ ಒಂದು ತಾಸು ಕುಳಿತ. ಕೈ ಜೋಮು ಹಿಡಿದಿರಬೇಕು, ಬೆರಳು ಮಾತ್ರ ಮಡಚಿ ಬಿಚ್ಚುತ್ತಿದ್ದ.

ಆವತ್ತೇ ಹುಡುಗನ ತಾಯಿ ಶಿರೂರಿನಿಂದ ಬಸ್ಸಿನಲ್ಲಿ ಬಂದಿದ್ದಳು. ಒಳಗೆ ಬಿಡುವಂತಿಲ್ಲ ಎಂದು ಹೇಳಿದ್ದೆ. ಬೆಂಚಿನ ತುದಿಗೆ ಕುಳಿತು ಗಾಜಿನೊಳಗಿಂದ ಮೊಮ್ಮಗನ ಬೆನ್ನು ನೋಡುತ್ತಿದ್ದಳು. ನನ್ನದೂ ಅದೇ ಕಡೆಯ ಮಾತು. ದಿನವಿಡೀ ಮರಾಠಿಯಲ್ಲಿ ದುಡಿಯುವವಳಿಗೆ ಇಂಥ ದನಿ ಕೇಳಿದರೆ ನಾಲಗೆ ಸಡಿಲವಾಗುತ್ತದೆ. ನೀರು ಕುಡಿಯಲು ಹೊರಬಂದವಳು ಅವಳ ಪಕ್ಕ ನಿಂತೆ.

"ಕೂದಲ ಕಣ್ಣಾಗ ಬೀಳಾಕತ್ತಾವಲ್ಲ, ಇನ್ನೂ ಜಾವಳ ತಗಸಿಲ್ಲೇನ್ರಿ?" ಎಂದೆ.

"ಎಲ್ಲೀದ್ರಿ ಬಾಯಾರ. ಕೂಸಽ ನಮ್ಮ ಕೈಯಾಗ ಇಲ್ಲ. ಮೂರನೇ ವರ್ಷ ನಡದದ. ಸರಿ ವರ್ಷಕ್ಕ ತಗಿಯೂಹಂಗಿಲ್ಲ, ಇದು ದಾಟಿದ್ರ ಮತ್ತ ಐದಕ್ಕ ಹೋತು."

"ತಗಸ್ರಿ, ತಗಸ್ರಿ. ಭಾಳ ದಿನಾ ಇಡಬಾರದು" ಎಂದು ಲೋಟ ಕೆಳಗಿಟ್ಟು ಒಳಗೆ ಹೋದೆ. ಆ ಮಾತನ್ನು ಅಲ್ಲಿಗೇ ಮರೆತೆ.

ಆರು ಶನಿವಾರ ಮುಗಿದವು. ಹೊರಗೆ ಕರೆದೊಯ್ಯಲು ಅವಕಾಶ ಕೊಡಬಹುದು ಎಂದು ವರದಿ ಬರೆದೆ. ಹುಡುಗಿಯ ಕಡೆಯ ವಕೀಲರು ವಿರೋಧಿಸಿದರು. ನ್ಯಾಯಾಧೀಶರು ಒಂದು ಶನಿವಾರ ಪ್ರಯತ್ನ ಮಾಡಿ ನೋಡಿ ಎಂದರು. ಬೆಳಿಗ್ಗೆ ಹನ್ನೊಂದರಿಂದ ಎರಡರವರೆಗೆ, ಊರಿನೊಳಗೇ, ಹೊತ್ತಿಗೆ ಸರಿಯಾಗಿ ವಾಪಸ್. ಇದು ಸರಿಹೋದರೆ ಮುಂದೆ ಹದಿನೈದು ದಿನಕ್ಕೊಮ್ಮೆ ಹೀಗೆಯೇ. ಹುಡುಗ ಆದೇಶದ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡ.

ಆ ಶನಿವಾರ ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಾಡಿದೆ. ಹನ್ನೆರಡಕ್ಕೆ ಒಮ್ಮೆ ಗೇಟಿಗೆ ಹೋಗಿಬಂದೆ. ಒಂದಕ್ಕೆ ಒಮ್ಮೆ. ಹುಡುಗಿಯೂ ಅವಳಣ್ಣನೂ ಬೆಂಚಿನಲ್ಲಿ ಕುಳಿತಿದ್ದರು. ಒಂದೂಮುಕ್ಕಾಲಿಗೆ ನಾನು ಗೇಟಿನಲ್ಲೇ ನಿಂತೆ. ಎರಡಾಯಿತು. ಎರಡೂ ಹತ್ತಕ್ಕೆ ರಿಕ್ಷಾ ಬಂತು. ಹುಡುಗನ ಮುಖ ಅರಳಿತ್ತು, ಮಗುವಿನ ತಲೆಯ ಮೇಲೆ ಹೊಸ ಟೋಪಿ. ಹೊತ್ತು ಮೀರಿದ್ದಕ್ಕೆ ಬೈಯಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಟೋಪಿಯ ಅಂಚಿನ ಕೆಳಗೆ ನುಣ್ಣಗಿನ ಕುತ್ತಿಗೆ ಕಾಣಿಸಿತು.

ಮೇಲೆ ಬಂದ ಕೂಡಲೆ ಅಣ್ಣ ಟೋಪಿ ತೆಗೆದ. ಬೋಳು ತಲೆ, ಮೇಲೆ ಅರಿಸಿನ, ಗಂಧ. ಮಗು ಖುಷಿಯಾಗಿತ್ತು, ತನ್ನ ತಲೆಯನ್ನು ತಾನೇ ತಟ್ಟಿ ತೋರಿಸಿತು.

"ಎಂತದ್ದಿದು?" ಅಣ್ಣನ ದನಿಗೆ ಇಡೀ ಕಾರಿಡಾರು ತಿರುಗಿ ನೋಡಿತು. "ಯಾರತ್ರ ಕೇಳಿ ಮಾಡಿದ್ದು? ಇದೆಂತ ನಿನ್ನಪ್ಪನ ಮನೆ ಕಾರ್ಯವಾ?"

ಹುಡುಗ ಗಾಬರಿಯಾದ. ಬೈಗುಳ ಬರಬಹುದೆಂಬ ಅಂದಾಜೇ ಅವನಿಗಿರಲಿಲ್ಲ. "ಇಲ್ರೀ, ಅವ್ವ ಅಂದ್ಳು, ಮೇಡಂ ಹೇಳ್ಯಾರ ಅಂತ. ಮೇಡಮ್ಮಾರ ತಗಸ್ರಿ ಅಂದಾರ, ಕೋರ್ಟಿನವರದು ಏನೂ ತಕರಾರಿಲ್ಲ ಅಂದ್ಳು."

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಆ ನೀರಿನ ಲೋಟ, ಬೆಂಚು, ನನ್ನದೇ ದನಿ ಎಲ್ಲವೂ ಒಮ್ಮೆಲೆ ನೆನಪಾದವು. ನಾನು ಎಂದೆ, "ನಾ ಏನೂ ಹೇಳಿಲ್ಲ."

ಹುಡುಗ ನನ್ನನ್ನು ನೋಡಿದ. ಹುಡುಗಿ ಎದ್ದುಬಂದು ಮಗುವನ್ನು ತೆಗೆದುಕೊಂಡಳು. ಆ ಬೋಳು ತಲೆಯ ಮೇಲೆ ಅಂಗೈ ಇಟ್ಟುಕೊಂಡೇ ಮೆಟ್ಟಿಲಿಳಿದು ಹೋದಳು. ಟೋಪಿ ಬೆಂಚಿನ ಮೇಲೇ ಉಳಿಯಿತು.

ಬುಧವಾರದ ಹೊತ್ತಿಗೆ ಹುಡುಗಿಯ ಕಡೆಯಿಂದ ಅರ್ಜಿ ಬಂತು. ತಂದೆಯ ಭೇಟಿಯನ್ನು ಪೂರ್ತಿ ನಿಲ್ಲಿಸಬೇಕು, ಮಗುವಿನ ದೇಹದ ಮೇಲೆ ತಾಯಿಯ ಒಪ್ಪಿಗೆಯಿಲ್ಲದೆ ಕಾರ್ಯ ಮಾಡಿದ್ದಾರೆ, ಇವರನ್ನು ನಂಬುವಂತಿಲ್ಲ. ನ್ಯಾಯಾಧೀಶರು ಎಲ್ಲ ಭೇಟಿಗಳನ್ನು ತಡೆಹಿಡಿದು ನಮ್ಮಿಂದ ವರದಿ ಕೇಳಿದರು. ನಮ್ಮ ಮುಖ್ಯಸ್ಥೆ ಮರಾಠಿಯವರು, ಹಗುರ ಮಾತಿನವರಲ್ಲ. ಹುಡುಗನ ತಾಯಿ, ಹುಡುಗಿ, ಅವಳಣ್ಣ ಮೂವರನ್ನೂ ಬೇರೆಬೇರೆ ಕರೆಸಿ ಹೇಳಿಕೆ ತೆಗೆದುಕೊಳ್ಳಲು ಹೇಳಿದರು.

ಆ ದಿನಗಳಲ್ಲಿ ನಾನು ಮನುಷ್ಯಳಾಗಿರಲಿಲ್ಲ. ಚಹಾ ಇಟ್ಟು ಒಲೆ ಆರಿಸಲು ಮರೆಯುತ್ತಿದ್ದೆ. ಕುಳಿತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆಂದು ತಿಳಿಯುತ್ತಿರಲಿಲ್ಲ. ನಾನು ಹೇಳಿದ್ದು ಅನುಮತಿಯಲ್ಲ, ಬರೀ ಲೋಕಾರೂಢಿ ಮಾತು ಎಂದು ನನಗೆ ನಾನೇ ಹತ್ತು ಸಲ ವಾದಿಸಿದೆ. ಆದರೆ ಹುಡುಗನ ತಾಯಿಗೆ ಮೇಜಿನ ಮುಂದಿನ ಮೇಡಂ ಬೇರೆ, ನೀರು ಕುಡಿಯಲು ಬಂದ ಮೇಡಂ ಬೇರೆ ಎಂದು ಹೇಗೆ ಗೊತ್ತಾಗಬೇಕು? ಅದೂ ಅವಳ ಮಾತಿನಲ್ಲೇ ಹೇಳಿದ ಮೇಲೆ.

ಮೊದಲು ಬಂದವಳು ಅವಳೇ. ಸೆರಗು ಹೊದ್ದು ಕುರ್ಚಿಯ ತುದಿಗೆ ಕುಳಿತಳು. ಹತ್ತಿರದ ಸಂಬಂಧಿಕರ ಮನೆಗೆ ಕ್ಷೌರಿಕನನ್ನು ಕರೆಸಿದ್ದು, ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕೂದಲು ತೆಗೆಯಬೇಕಲ್ಲ ಎಂದು ಯಾರೋ ತಮ್ಮ ಕಡೆಯ ಹುಡುಗನನ್ನು ಮಾವನೆಂದು ಕೂರಿಸಿದ್ದು, ಕೂಸು ಅಳದೆ ಕ್ಲಿಪ್ಪು ಹಿಡಿದು ಕುಳಿತದ್ದು, ಕೂದಲನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ದೇವರ ಮಾಡದಲ್ಲಿ ಇಟ್ಟದ್ದು, ಎಲ್ಲವನ್ನೂ ಮುಚ್ಚಿಡದೆ ಹೇಳಿದಳು. "ಮನಿದೇವರಿಗೆ ಮುಟ್ಟಸೂದು ಅದ" ಎಂದಳು. ನಾನು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದೆ.

"ನಾ ಅವತ್ತ ನಿಮಗ ಹೇಳಿದ್ದು..." ಎಂದು ಶುರುಮಾಡಿದೆ.

"ಹೋಗ್ಲಿ ಬಿಡ್ರಿ ಬಾಯಾರ" ಎಂದಳು ಅವಳು. "ನಿಮ್ಮ ನೌಕರಿಗೆ ತ್ರಾಸ ಆಗೂದು ಬ್ಯಾಡ. ನಾನಽ ಹಟಾ ಮಾಡಿ ತಗಸಿದೆ ಅಂತ ಬರಕೋರಿ. ನನ್ನ ಮಗಗ ಮಾತ್ರ ಕೂಸು ತೋರಸೂದು ಬಿಡಿಸಬ್ಯಾಡ್ರಿ."

ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಬೈದಿದ್ದರೆ ಬದುಕುತ್ತಿದ್ದೆ.

ಮರುದಿನ ಅಣ್ಣ ಬಂದ. ಅರ್ಧ ತಾಸು ಕೂಗಾಡಿದ. ನಮ್ಮದು ಅಳಿಯಸಂತಾನ, ಮಗು ಯಾವತ್ತೂ ತಾಯಿಯ ಮನೆಯದ್ದು, ಅವರ ದೇವರಿಗೆ ಇದರ ಕೂದಲು ಕೊಡ್ಲಿಕ್ಕೆ ಇವರ್ಯಾರು, ನಮಗೂ ಅವರಿಗೂ ಸಂಬಂಧವೇ ಇಲ್ಲ ಎಂದೆಲ್ಲ. ನಾನು ಬರೆದುಕೊಳ್ಳುತ್ತಿದ್ದೆ. ಕೊನೆಗೆ ಅವನು ಮೇಜು ತಟ್ಟಿದ.

"ಅಲ್ಲ ಮೇಡಂ, ಯಾರನ್ನೋ ಕೂರಿಸಿದ್ರಂತಲ್ಲ, ಮಾವ ಅಂತ! ಮಾವ ನಾನಿಲ್ವಾ? ಸತ್ತಿದ್ದೇನಾ ನಾನು? ಹುಟ್ಟಿದಾರಭ್ಯ ಎತ್ತಿಕೊಂಡದ್ದು ಯಾರು?"

ಹೇಳಿದ ಮೇಲೆ ಅವನಿಗೇ ತಾನು ಏನಂದೆ ಎಂದು ಗೊತ್ತಾಯಿತು. ಸಂಬಂಧವೇ ಇಲ್ಲದವರ ಕಾರ್ಯದಲ್ಲಿ ತನ್ನ ಜಾಗ ಕೇಳುತ್ತಿದ್ದ. ನಾನು ತಲೆ ತಗ್ಗಿಸಿ ಬರೆದುಕೊಂಡೆ, ನಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಅವನು ಕಣ್ಣು ಒರೆಸಿಕೊಂಡ.

"ನಾಳೆ ತಂಗೀನ್ನ ಕಳಸ್ರಿ. ಒಬ್ಬಾಕಿನ್ನೇ" ಎಂದೆ.

"ಅವಳಿಗೆ ಎಂತ ಗೊತ್ತುಂಟು? ನಾನೇ ಹೇಳಿದ್ನಲ್ಲ."

"ಒಬ್ಬಾಕಿನ್ನೇ ಕಳಸ್ರಿ."

ಅಣ್ಣ ಅವಳನ್ನು ಬಾಗಿಲವರೆಗೆ ಬಿಟ್ಟು ಕೆಳಗೆ ಕಾರಿನಲ್ಲಿ ಕುಳಿತ. ಅವಳು ಒಳಗೆ ಬಂದು, ಇವತ್ತು, ಕುರ್ಚಿ ಎಳೆದುಕೊಂಡು ಕೂತಳು. ನಾನು ರೂಢಿಯಂತೆ ಅರ್ಜಿಯ ಪ್ರತಿ ಮುಂದಿಟ್ಟು ಕೇಳಿದೆ, "ಭೇಟಿ ಪೂರಾ ನಿಲ್ಲಿಸ್ಬೇಕು ಅಂತ ಸಹಿ ಮಾಡೀಯಲ್ಲವಾ?"

"ಮಾಡು ಅಂದ್ರು, ಮಾಡಿದೆ."

"ನಿನಗ ಏನ್ ಬೇಕು?"

ಅವಳು ನನ್ನ ರಿಜಿಸ್ಟರಿನ ಕಡೆ ನೋಡಿದಳು. "ನೀವು ಆರು ಶನಿವಾರ ಎಲ್ಲ ಕೇಳಿದ್ರಿ ಮೇಡಂ. ಎಂತ ತಿಂದ, ಎಷ್ಟೊತ್ತು ಮಲಗಿದ, ಯಾವುದಕ್ಕೆ ಹೆದರ್ತಾನೆ. ನನ್ನತ್ರ ಒಂದು ಸಲವೂ ಕೇಳ್ಲಿಲ್ಲ. ಅಣ್ಣ ಹೇಳಿದ್ದು ಅರ್ಧ ಸರಿಯೂ ಇಲ್ಲ. ಹಾಲು ಕುಡೀತಾನೆ ಅವನು, ಅಣ್ಣ ಹೋಟೆಲಿಗೆ ಹೋದ ಮೇಲೆ ನಾನು ಕೊಡ್ತೇನೆ."

ನಾನು ಪುಟ ತಿರುವಿದೆ. ಆರು ಪುಟಗಳಲ್ಲೂ ಉತ್ತರ ಕೊಟ್ಟವರು ಎಂಬಲ್ಲಿ ನನ್ನ ಕೈಬರಹದಲ್ಲೇ "ಮಗುವಿನ ಮಾವ" ಎಂದಿತ್ತು. ಅಂಥ ಅಚ್ಚುಕಟ್ಟಾದ ರಿಜಿಸ್ಟರು ನಮ್ಮಲ್ಲಿ ಇನ್ನೊಂದಿರಲಿಲ್ಲ.

"ಕೂದಲು ನಾನೇ ಇಟ್ಟದ್ದು" ಎಂದಳು. "ಅಣ್ಣ, ಅತ್ತಿಗೆ, ಅಮ್ಮ ಎಲ್ಲರೂ ಊರಿಗೆ ಹೋದಾಗ ತೆಗೆಸುವ ಅಂದ್ರು. ಎರಡು ಸಲ ದೇವಸ್ಥಾನದವರೆಗೆ ಹೋಗಿ, ಮಗುವಿಗೆ ಜ್ವರ ಅಂತ ಸುಳ್ಳು ಹೇಳಿ ವಾಪಸ್ ಬಂದೆ."

"ಯಾಕವ್ವಾ?"

"ಅವನಪ್ಪ ಇರುವಾಗ ತೆಗಿಬೇಕು ಅಂತ."

ಹೊರಗೆ ಯಾರೋ ಸ್ಟೂಲು ಎಳೆಯುತ್ತಿದ್ದರು. ಅವಳು ಮುಂದುವರಿಸಿದಳು. "ಮದುವೆಯ ಮಾತು ಬೇರೆ, ಅದು ಈಗ ಬೇಡ. ಆದ್ರೆ ಅಪ್ಪ ಅಂತ ಅವನು ಇರ್ಬೇಕು. ಕೂದಲು ತೆಗಿಯುವಾಗ ಇಬ್ಬರೂ ಇದ್ದೇವೆ ಅಂತ ಆದ್ರೆ ಆಮೇಲೆ ಯಾರೂ ಎಂತದೂ ಹೇಳ್ಲಿಕ್ಕೆ ಆಗೂದಿಲ್ಲ ಅಂತ ನನ್ನ ಲೆಕ್ಕ. ಎರಡು ವರ್ಷ ಬಾಚಿದೆ ಮೇಡಂ ಅದನ್ನು. ಅವನು ನನ್ನತ್ರ ಒಂದು ಮಾತು ಕೇಳಿದ್ರೆ ಆಗ್ತಿತ್ತು. ನಾನು ಇಲ್ಲೇ ಬೆಂಚಿನಲ್ಲಿ ಕೂತಿದ್ದೆ."

ನಾನು ನೀರು ಕೊಟ್ಟೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಆ ಆರು ಪುಟಗಳನ್ನು ಮತ್ತೆ ಓದಿದೆ. ನನ್ನ ಮೇಲೆ ನನಗೇ ಬಂದ ಸಿಟ್ಟು ಹೇಳತೀರದು. ಜಾವಳ ತಗಸಿಲ್ಲೇನ್ರಿ ಎಂದು ನಾನು ಕೇಳಿದ್ದು ಕೂಡ ಅಜ್ಜಿಯನ್ನು. ಮೊದಲ ಶನಿವಾರದಿಂದಲೂ ಕೂದಲು ಸರಿಸುತ್ತ ನನ್ನ ಮೇಜಿನ ಮೂರಡಿ ದೂರದಲ್ಲಿ ತಾಯಿ ನಿಂತಿರುತ್ತಿದ್ದಳು, ಅವಳನ್ನಲ್ಲ.

ಕರಡು ವರದಿಯನ್ನು ಮುಖ್ಯಸ್ಥೆಯ ಮುಂದಿಟ್ಟೆ. ಅದರಲ್ಲಿ ಐದನೇ ಶನಿವಾರ ಕಾರಿಡಾರಿನಲ್ಲಿ ನಾನಾಡಿದ ಮಾತು, ಅದನ್ನು ಅನುಮತಿಯೆಂದು ತಿಳಿಯಲು ಕಾರಣವಿದ್ದದ್ದು, ಎಲ್ಲರ ಎದುರು ನಾನು ಸುಳ್ಳಾಡಿದ್ದು, ಮೂರನ್ನೂ ಎರಡು ಸಾಲಿನಲ್ಲಿ ಬರೆದಿದ್ದೆ. ಅವರು ಕನ್ನಡಕ ತೆಗೆದರು.

"ಹೇ ಕಶಾಲಾ?" ಎಂದರು. ಇದು ಯಾಕೆ ಬೇಕು, ಕಾರಿಡಾರಿನ ಮಾತಿಗೆ ದಾಖಲೆಯಿಲ್ಲ, ಅಜ್ಜಿಯೇ ತನ್ನ ತಪ್ಪೆಂದು ಹೇಳಿಕೆ ಕೊಡುತ್ತಿದ್ದಾಳೆ, ಎರಡು ಸಾಲು ತೆಗೆದರೆ ಮುಗಿಯಿತು. ಇಟ್ಟರೆ ಈ ಪ್ರಕರಣ ನಿಮ್ಮ ಕೈತಪ್ಪುತ್ತದೆ, ನಿಮ್ಮ ಹಳೆಯ ವರದಿಗಳನ್ನೂ ಕೆದಕುತ್ತಾರೆ.

ಅವರು ಹೇಳಿದ್ದು ಸುಳ್ಳಲ್ಲ. ನಾನು ಕರಡು ತೆಗೆದುಕೊಂಡು ನನ್ನ ಮೇಜಿಗೆ ಬಂದೆ. ಆ ಎರಡು ಸಾಲನ್ನು ಒಮ್ಮೆ ಅಳಿಸಿಯೂ ನೋಡಿದೆ. ವರದಿ ಎಷ್ಟು ಚೆಂದ ಕಾಣುತ್ತಿತ್ತು! ಒಬ್ಬ ಬೇಜವಾಬ್ದಾರಿ ಹುಡುಗ, ಒಬ್ಬ ಹಟಮಾರಿ ಮುದುಕಿ, ಎಲ್ಲವನ್ನೂ ಸರಿಯಾಗಿ ನಡೆಸಿದ ಸಮಾಲೋಚಕಿ. ಅದನ್ನು ಓದಿದ ಯಾವ ನ್ಯಾಯಾಧೀಶರೂ ಆ ಹುಡುಗನಿಗೆ ಮಗುವನ್ನು ಮತ್ತೆ ತೋರಿಸಲು ಒಪ್ಪುತ್ತಿರಲಿಲ್ಲ. ಬೆಂಚಿನ ಮೇಲೆ ಉಳಿದಿದ್ದ ಟೋಪಿಯನ್ನು ನಾನು ಅಂದೇ ತಂದು ಡ್ರಾಯರಿನಲ್ಲಿ ಇಟ್ಟಿದ್ದೆ. ಪೆನ್ನಿಗಾಗಿ ಡ್ರಾಯರು ಎಳೆದಾಗಲೆಲ್ಲ ಅದು ಕೈಗೆ ತಾಗುತ್ತಿತ್ತು. ಎರಡು ಸಾಲನ್ನೂ ಮತ್ತೆ ಬರೆದೆ. ಕೆಳಗೆ ಇನ್ನೊಂದನ್ನು ಸೇರಿಸಿದೆ: ಆರೂ ಭೇಟಿಗಳಲ್ಲಿ ತಾಯಿಯಿಂದ ಮಾಹಿತಿ ಪಡೆದಿಲ್ಲ. ಸಹಿ ಹಾಕಿ, ಮನಸ್ಸು ಬದಲಾಗುವ ಮೊದಲೇ ಲಕೋಟೆ ಅಂಟಿಸಿದೆ.

ವಿಚಾರಣೆಯ ದಿನ ನ್ಯಾಯಾಧೀಶರು ಎಲ್ಲರ ಎದುರೇ ಆ ಪುಟ ಓದಿದರು. ಹುಡುಗ ಹಿಂದಿನ ಸಾಲಿನಲ್ಲಿದ್ದ, ನಾನು ತಿರುಗಿ ನೋಡಲಿಲ್ಲ. ಆಮೇಲೆ ಅವರು ಹುಡುಗಿಯನ್ನು ನೇರವಾಗಿ ಕೇಳಿದರು. ಅಣ್ಣ ಎದ್ದು ನಿಂತ, ಅವರು ಕೈಸನ್ನೆ ಮಾಡಿ ಕೂರಿಸಿದರು. ಹುಡುಗಿ ಹಿಂದಿಯಲ್ಲಿ, ತಡೆತಡೆದು, ನನಗೆ ಹೇಳಿದ್ದನ್ನೇ ಹೇಳಿದಳು. ಹುಡುಗ ಅದನ್ನು ಕೇಳುತ್ತಿದ್ದದ್ದು ಮೊದಲ ಸಲ. ಹಿಂದಿನ ಸಾಲಿನಿಂದ ಬಿಕ್ಕಿದ ಸದ್ದು ಬಂತು, ಮುಂದೆ ಕುಳಿತಿದ್ದ ಗುಮಾಸ್ತರೂ ತಲೆಯೆತ್ತಿದರು.

ಭೇಟಿ ನಿಲ್ಲಲಿಲ್ಲ. ಹೊರಗೆ ಒಯ್ಯುವುದು ಸದ್ಯಕ್ಕೆ ಬೇಡ, ಮತ್ತೆ ಶನಿವಾರಗಳು, ನಮ್ಮದೇ ಕೋಣೆಯಲ್ಲಿ, ಬೇರೆ ಸಮಾಲೋಚಕಿಯ ಮೇಲ್ವಿಚಾರಣೆಯಲ್ಲಿ. ಮಗುವಿನ ಊಟ, ಔಷಧ, ಕೂದಲು, ಕಾರ್ಯ ಯಾವುದಕ್ಕೂ ತಾಯಿಯನ್ನು ಕೇಳಬೇಕು, ತಾಯಿಯ ಉತ್ತರವನ್ನೇ ಬರೆದುಕೊಳ್ಳಬೇಕು. ನನಗೆ ಸಂಸ್ಥೆಯಿಂದ ಒಂದು ಮೆಮೊ ಬಂತು. ಹಳೆಯ ಫೈಲುಗಳ ಪರಿಶೀಲನೆ ಈಗಲೂ ನಡೆಯುತ್ತಿದೆ.

ಅದಾದ ಮೊದಲ ಶನಿವಾರ ಹುಡುಗನ ತಾಯಿ ಬಿಳಿ ಬಟ್ಟೆಯ ಗಂಟು ತಂದು ಬೆಂಚಿನ ಬಳಿ ಹುಡುಗಿಯ ಕೈಗೆ ಕೊಟ್ಟಳು. "ತಪ್ಪಾತವಾ" ಎಂದಳು. "ನಿಂದದು. ಎಲ್ಲಿ ಬಿಡಬೇಕಂತೀ ಅಲ್ಲೇ ಬಿಡೂಣು." ಹುಡುಗಿ ಗಂಟನ್ನು ಬಿಚ್ಚದೆ ಕೈಚೀಲದೊಳಗೆ ಇಟ್ಟುಕೊಂಡು, ಅವಳಿಗೆ ಕೂರಲು ಜಾಗ ಬಿಟ್ಟು ಸರಿದಳು. ನಾನು ಅಲ್ಲಿ ನಿಲ್ಲುವಂತಿರಲಿಲ್ಲ. ಫೈಲು ಹಿಡಿದು ದಾಟಿಹೋದೆ.

ನಾಲ್ಕು ತಿಂಗಳಾಗಿವೆ. ಶನಿವಾರ ಬಂದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಏನೋ ನೆಪ ಮಾಡಿಕೊಂಡು ಆ ಕಾರಿಡಾರಿನಲ್ಲಿ ಎರಡು ಸಲ ಹಾಯುತ್ತೇನೆ, ನಿಲ್ಲುವುದಿಲ್ಲ. ಹೋದ ವಾರ ಮಾತ್ರ ಗಾಜಿನ ಮುಂದೆ ಕಾಲು ತಡೆಯಿತು.

ಇಪ್ಪತ್ತು ನಿಮಿಷ ಮುಗಿದಿದ್ದರೂ ಹುಡುಗಿ ಒಳಗೇ ಇದ್ದಳು, ಜಮಖಾನೆಯ ಮೇಲೆ. ಹುಡುಗ ಎದುರಿಗೆ, ನಡುವೆ ಕ್ಲಿಪ್ಪಿನ ಡಬ್ಬಿ. ಮಗುವಿಗೆ ದಟ್ಟವಾಗಿ ಹೊಸ ಕೂದಲು ಬಂದಿದೆ, ಮುಂದಿನದು ಆಗಲೇ ಹುಬ್ಬು ದಾಟಿ ಕಣ್ಣಿಗೆ ಇಳಿಯುತ್ತಿತ್ತು. ಕಣ್ಣಾಗ ಬೀಳಾಕತ್ತಾವಲ್ಲ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಬೆಂಚಿನ ಮೇಲೆ ಅಜ್ಜಿಯೂ ಮಾವನೂ ಇದ್ದರು. ನಾನು ತುಟಿ ಕಚ್ಚಿ ನಿಂತೆ.

ಒಳಗಿನ ಮಾತು ಕೇಳಿಸುವುದಿಲ್ಲ. ಹುಡುಗ ಮಗುವಿನ ಹಣೆಯ ಕೂದಲು ಮುಟ್ಟಿ, ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ, ಹುಡುಗಿಯ ಮುಖ ನೋಡಿ ಏನೋ ಕೇಳಿದ. ಅವಳು ಯೋಚಿಸಿದಳು. ಆಮೇಲೆ ಬೇಡವೆಂದು ತಲೆಯಾಡಿಸಿದಳು. ಅವನು ಡಬ್ಬಿಯಿಂದ ಒಂದು ನೀಲಿ ಕ್ಲಿಪ್ಪು ಕಿತ್ತು, ಆ ಕೂದಲನ್ನು ಮೇಲಕ್ಕೆತ್ತಿ ನಡುನೆತ್ತಿಗೆ ಸಿಕ್ಕಿಸಿದ, ಮತ್ತೆ ಅವಳನ್ನು ನೋಡಿದ. ಅವಳು ಮುಂದಕ್ಕೆ ಬಾಗಿ ಕ್ಲಿಪ್ಪನ್ನು ಒಂದಿಷ್ಟು ಎಡಕ್ಕೆ ಸರಿಸಿದಳು.